‘ನಾನೊಬ್ಬ ಫ್ರೀಮೇಸನ್’ ಎಂದವರ ಮಾತನ್ನು ಒರೆಗೆ ಹಚ್ಚುವುದು ಹೇಗೆ?

ತುಮಕೂರಿನ ಓದುಗ:

ಬಳಗದ ಎಲ್ಲರಿಗೂ ನಮಸ್ಕಾರ. ಮನೆಯ ವಿಷಯವೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ, ತಿಳಿದವರು ದಾರಿ ತೋರಿಸಬೇಕು. ನನ್ನ ಅಕ್ಕನ ಮಗ ನಮ್ಮೂರಿನಲ್ಲೇ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾನೆ. ಹಳೆಯ ಕಟ್ಟಡಗಳು, ಹಳೆಯ ಸಂಘಸಂಸ್ಥೆಗಳ ಚರಿತ್ರೆ ಎಂದರೆ ಅವನಿಗೆ ಬಹಳ ಒಲವು. ಎರಡು ತಿಂಗಳ ಹಿಂದೆ ಅಂತರ್ಜಾಲದಲ್ಲಿ ಅವನಿಗೊಬ್ಬರ ಪರಿಚಯವಾಯಿತು. ತಾನು ಬೆಂಗಳೂರಿನ ಫ್ರೀಮೇಸನ್, ಅಂದರೆ ಗುಪ್ತ ವಿಧಿಗಳುಳ್ಳ ಹಳೆಯ ಸೋದರ ಸಂಘವೊಂದರ ಸದಸ್ಯ, ವಯಸ್ಸು ಇಪ್ಪತ್ತನಾಲ್ಕು, ಅದರಲ್ಲಿ ಮೂವತ್ತಮೂರನೆಯ ಡಿಗ್ರಿಯನ್ನು (ಹಂತವನ್ನು) ತಲುಪಿದ್ದೇನೆ ಎಂದು ಆ ವ್ಯಕ್ತಿ ಹೇಳಿಕೊಂಡಿದ್ದಾನೆ. ಬೈಬಲಿನ ಸೊಲೊಮನ್ ದೊರೆಯ ದೇವಾಲಯದ ಕಥೆ, ಅದರ ಎರಡು ಕಂಬಗಳ ಹೆಸರು, ಸದಸ್ಯರು ಒಬ್ಬರನ್ನೊಬ್ಬರು ಗುರುತಿಸುವ ಗುಪ್ತ ಪದಗಳು, ಇವನ್ನೆಲ್ಲ ಒಂದೊಂದಾಗಿ ‘ನಿನಗೆ ಮಾತ್ರ’ ಎಂದು ತಿಳಿಸಿದ್ದಾನಂತೆ. ನಮ್ಮ ಹುಡುಗ ಅವುಗಳನ್ನು ಬೇರೆ ಕಡೆಗಳಲ್ಲಿ ಹುಡುಕಿ ನೋಡಿದಾಗ ಎಲ್ಲವೂ ಸರಿಹೊಂದಿವೆ. ‘ಪದಗಳು ಸರಿಯಾಗಿವೆ ಎಂದ ಮೇಲೆ ಮನುಷ್ಯನೂ ಸರಿಯಾದವನೇ ಅಲ್ಲವೇ ಮಾವ’ ಎಂದು ನನ್ನನ್ನು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಈಗ ಸದಸ್ಯತ್ವದ ನೋಂದಣಿಗೆಂದು 4,500 ರೂಪಾಯಿ ಕಳುಹಿಸಲು ಆ ವ್ಯಕ್ತಿ ಹೇಳಿದ್ದಾನೆ.

ಈ ಸಂಸ್ಥೆಯ ಮೇಲೆ ನನಗೆ ದ್ವೇಷವೂ ಇಲ್ಲ, ಮೋಹವೂ ಇಲ್ಲ. ಮುಖ ನೋಡದ ಒಬ್ಬರು ತಾವು ಸದಸ್ಯರೆಂದು ಹೇಳಿಕೊಂಡಾಗ ಅದು ನಿಜವೋ ಅಲ್ಲವೋ ಎಂದು ಹೊರಗಿನವರು ತಿಳಿಯುವುದು ಹೇಗೆ? ನನ್ನ ಪ್ರಶ್ನೆ ಇಷ್ಟೇ.

ಅಮಾನಿಕೆರೆ ವಾಸಿ:

ಸರ್, ನಾನು ಹನ್ನೊಂದು ವರ್ಷಗಳಿಂದ ಈ ಸಂಸ್ಥೆಯ ಸದಸ್ಯನಾಗಿದ್ದೇನೆ. ಈ ಮಾತನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ, ಏಕೆಂದರೆ ನಿಮ್ಮ ಅಳಿಯನ ಮುಂದೆ ಆ ವ್ಯಕ್ತಿ ಹೇಗೋ ನಿಮ್ಮ ಮುಂದೆ ನಾನೂ ಹಾಗೆಯೇ, ಮುಖವಿಲ್ಲದ ಬರಹ ಮಾತ್ರ. ಆದ್ದರಿಂದ ನನ್ನ ಸದಸ್ಯತ್ವವನ್ನು ಬದಿಗಿಟ್ಟು, ಯಾರು ಬೇಕಾದರೂ ಪರಿಶೀಲಿಸಬಹುದಾದ ಸಂಗತಿಗಳನ್ನಷ್ಟೇ ಹೇಳುತ್ತೇನೆ.

ಮೊದಲು ಗುಪ್ತ ಪದಗಳ ವಿಚಾರ. ಹುಡುಗನ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ಆದರೆ ಅದರ ಬುಡದಲ್ಲೇ ತಪ್ಪಿದೆ. ಪದಗಳನ್ನು ಅವನೇ ಹುಡುಕಿ ತಾಳೆ ನೋಡಿದನೆಂದ ಮೇಲೆ ಅವು ಹುಡುಕಿದವರಿಗೆಲ್ಲ ಸಿಗುತ್ತವೆ ಎಂದಾಯಿತಲ್ಲವೇ? ಅವನಿಗೆ ಸಿಕ್ಕಿದ್ದು ಆ ವ್ಯಕ್ತಿಗೂ ಸಿಕ್ಕಿರುತ್ತದೆ. ಇದು ಅಂತರ್ಜಾಲ ಬಂದ ಮೇಲಿನ ಕಥೆಯೂ ಅಲ್ಲ. ಸದಸ್ಯರು ಸಭೆ ಸೇರುವ ಶಾಖೆಗೆ ಲಾಡ್ಜ್ ಎಂದೂ ಅವುಗಳ ಮೇಲಿನ ಆಡಳಿತ ಸಂಸ್ಥೆಗೆ ಗ್ರ್ಯಾಂಡ್ ಲಾಡ್ಜ್ ಎಂದೂ ಹೆಸರು. ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1717ರ ಜೂನ್ 24ರಂದು ಎಂಬುದು ಸಂಪ್ರದಾಯದ ಲೆಕ್ಕ. ಅದಾಗಿ ಹದಿಮೂರು ವರ್ಷಕ್ಕೆ, 1730ರಲ್ಲಿ, ತಾನು ಮಾಜಿ ಸದಸ್ಯನೆಂದು ಹೇಳಿಕೊಂಡ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಸದಸ್ಯತ್ವದ ಮೂರೂ ಹಂತಗಳ ವಿಧಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ, ಮತ್ತು ಅದು ಮುದ್ರಣದ ಮೇಲೆ ಮುದ್ರಣ ಕಂಡಿತು. ಭಾರತದ ಮೊದಲ ಲಾಡ್ಜ್ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಆರಂಭವಾದದ್ದೂ 1730ರಲ್ಲೇ. ಅಂದರೆ ಈ ಸಂಸ್ಥೆ ನಮ್ಮ ನೆಲಕ್ಕೆ ಕಾಲಿಡುವ ಹೊತ್ತಿಗೇ ಅದರ ಗುಟ್ಟುಗಳು ಲಂಡನ್ನಿನ ಪುಸ್ತಕದ ಅಂಗಡಿಗಳಲ್ಲಿ ಮಾರಾಟಕ್ಕಿದ್ದವು. ಪುಸ್ತಕ ಓದಿಕೊಂಡು ಬಂದ ವೇಷಧಾರಿಗಳನ್ನು ತಡೆಯಲು ಅಲ್ಲಿನ ಗ್ರ್ಯಾಂಡ್ ಲಾಡ್ಜ್ ಮೊದಲ ಎರಡು ಹಂತಗಳ ಪದಗಳನ್ನು ಅದಲುಬದಲು ಮಾಡಿತು. ಹಳೆಯ ಪದ್ಧತಿಯನ್ನು ಕೆಡಿಸಿದರೆಂಬ ಆ ಅಸಮಾಧಾನವೂ ಸೇರಿ 1751ರಲ್ಲಿ ಎದುರು ಬಣವೊಂದು ಹುಟ್ಟಿತು. ಎರಡೂ ಬಣಗಳು ಕೂಡಿ ಇಂದಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡ್ ಆಗುವಾಗ 1813 ಆಗಿತ್ತು. ಪದವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬ ಪಾಠವನ್ನು ಸಂಸ್ಥೆಯೇ ಇಷ್ಟು ದೀರ್ಘಕಾಲ ಕಲಿತಿದೆ.

ಹಾಗಾದರೆ ನಾವು ಒಬ್ಬರನ್ನೊಬ್ಬರು ಹೇಗೆ ನಂಬುತ್ತೇವೆ? ನಾನು ಬೇರೆ ಊರಿನ ಲಾಡ್ಜ್‌ಗೆ ಅತಿಥಿಯಾಗಿ ಹೋದರೆ ಬಾಗಿಲಲ್ಲಿ ಟೈಲರ್ ಎಂಬ ಕಾವಲಿನ ಅಧಿಕಾರಿ ನಿಂತಿರುತ್ತಾರೆ. ಆದರೆ ನಾನು ಬಾಗಿಲಿಗೆ ಹೋಗುವ ಮೊದಲೇ ನನ್ನ ಲಾಡ್ಜ್‌ನ ಕಾರ್ಯದರ್ಶಿ ಅಲ್ಲಿಯ ಕಾರ್ಯದರ್ಶಿಗೆ ಬರೆದಿರುತ್ತಾರೆ. ನನ್ನ ಬಳಿ ಗ್ರ್ಯಾಂಡ್ ಲಾಡ್ಜ್ ಕೊಟ್ಟ, ನಾನೇ ಸಹಿ ಮಾಡಿದ ಪ್ರಮಾಣಪತ್ರ ಇರುತ್ತದೆ, ವರ್ಷದ ಚಂದಾ ಬಾಕಿ ಇಲ್ಲವೆಂಬ ದಾಖಲೆ ಇರುತ್ತದೆ. ಅನುಮಾನ ಬಂದರೆ ಎದುರಿಗೆ ಕೂರಿಸಿ ಪರೀಕ್ಷಿಸುತ್ತಾರೆ, ಅಥವಾ ನನ್ನನ್ನು ಲಾಡ್ಜ್‌ನೊಳಗೆ ಕಂಡಿರುವ ಮೂರನೆಯವರೊಬ್ಬರು ಸಾಕ್ಷಿ ನುಡಿಯುತ್ತಾರೆ. ಪದ, ಸನ್ನೆ, ಕೈಕುಲುಕುವ ರೀತಿ ಎಲ್ಲವೂ ಈ ದಾಖಲೆಗಳ ಜೊತೆಗೆ ಬರತಕ್ಕವು, ಅವುಗಳ ಬದಲಿಗೆ ಅಲ್ಲ. ಆದಕಾರಣ ದೂರದಿಂದ ಬರಹದ ಮೂಲಕ ಒಬ್ಬರ ಸದಸ್ಯತ್ವವನ್ನು ಖಚಿತಪಡಿಸಿಕೊಳ್ಳುವುದು ಸದಸ್ಯರಾದ ನಮಗೇ ಅಸಾಧ್ಯ. ಪದವನ್ನು ಬರೆದು ಕಳುಹಿಸಿ ಪರೀಕ್ಷಿಸೋಣವೆಂದರೆ ಹಾಗೆ ಬರೆಯುವುದೇ ಪ್ರತಿಜ್ಞೆಗೆ ವಿರುದ್ಧ. ಗುಪ್ತ ಪದಗಳನ್ನು ಪರಿಚಯವಿಲ್ಲದ ಹುಡುಗನಿಗೆ ಹಂಚಿದ್ದೇ ಆ ವ್ಯಕ್ತಿಯ ಹೇಳಿಕೆಯನ್ನು ದುರ್ಬಲಗೊಳಿಸುತ್ತದೆ ಎಂದು ನಾನು ಭಾವಿಸುತ್ತೇನೆ. ನಿಜವಾದ ಸದಸ್ಯನಾಗಿದ್ದರೂ ಮಾತು ಮುರಿದವನು, ಅಲ್ಲವಾದರೆ ಸುಳ್ಳುಗಾರ.

ಗುಟ್ಟಲ್ಲದ ಸಂಗತಿಗಳು ಮಾತ್ರ ಬಹಳ ಉಪಯೋಗಕ್ಕೆ ಬರುತ್ತವೆ. ಲಾಡ್ಜ್‌ನ ಹೆಸರು, ಅದರ ಸಂಖ್ಯೆ, ಅದು ಯಾವ ಗ್ರ್ಯಾಂಡ್ ಲಾಡ್ಜ್‌ಗೆ ಸೇರಿದೆ, ಯಾವ ಕಟ್ಟಡದಲ್ಲಿ ಸಭೆ ಸೇರುತ್ತದೆ ಎಂಬುದನ್ನು ಯಾವ ಸದಸ್ಯನೂ ಅಳುಕಿಲ್ಲದೆ ಹೇಳಬಹುದು. ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಗ್ರ್ಯಾಂಡ್ ಲಾಡ್ಜ್‌ಗಳ ಒಪ್ಪಿಗೆಯಿಂದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ 1961ರ ನವೆಂಬರ್ 24ರಂದು ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ದೆಹಲಿಯ ಜನಪಥದಲ್ಲಿದೆ, ನಮ್ಮ ಭಾಗ ದಕ್ಷಿಣ ಭಾರತದ ಪ್ರಾದೇಶಿಕ ಗ್ರ್ಯಾಂಡ್ ಲಾಡ್ಜ್‌ಗೆ ಸೇರುತ್ತದೆ. ಕೆಲವು ಲಾಡ್ಜ್‌ಗಳು ಹಳೆಯ ಸಂಬಂಧವನ್ನೇ ಉಳಿಸಿಕೊಂಡು ಇಂದಿಗೂ ಇಂಗ್ಲಿಷ್, ಸ್ಕಾಟಿಷ್ ಅಥವಾ ಐರಿಷ್ ಆಡಳಿತದಲ್ಲಿವೆ. ನಿಮ್ಮ ಅಳಿಯ ಹೆಸರು ಮತ್ತು ಸಂಖ್ಯೆಯನ್ನು ಕೇಳಲಿ, ‘ಆ ಲಾಡ್ಜ್‌ನ ಕಾರ್ಯದರ್ಶಿಯಿಂದ ನನಗೊಂದು ಪತ್ರ ಬರಲಿ’ ಎನ್ನಲಿ. ಹುಡುಗನೇ ಹೋಗಿ ‘ಇಂಥವರು ನಿಮ್ಮ ಸದಸ್ಯರೇ’ ಎಂದು ವಿಚಾರಿಸಿದರೆ ಖಾಸಗಿ ವಿವರವೆಂದು ಅವರು ಹೇಳದಿರಬಹುದು. ಆದರೆ ಸದಸ್ಯನೇ ಬಯಸಿ ತನ್ನ ಪರವಾಗಿ ಪತ್ರ ಬರೆಸಿಕೊಡಲು ಅಡ್ಡಿಯಿರುವುದಿಲ್ಲ.

ಮೂವತ್ತಮೂರನೆಯ ಡಿಗ್ರಿಯ ಬಗ್ಗೆ ಒಂದು ಮಾತು. ಮೂಲ ವ್ಯವಸ್ಥೆಯಲ್ಲಿ ಇರುವುದು ಮೂರೇ ಹಂತ, ಮೂರನೆಯದಾದ ಮಾಸ್ಟರ್ ಮೇಸನ್‌ಗಿಂತ ಮೇಲಿನದಿಲ್ಲ. ಮೂವತ್ತಮೂರು ಎಂಬುದು ಸ್ಕಾಟಿಷ್ ರೈಟ್ ಎಂಬ ಪ್ರತ್ಯೇಕ ವ್ಯವಸ್ಥೆಯ ಕೊನೆಯ ಅಂಕಿ. ಅದು ಬಹುಕಾಲ ಸೇವೆ ಸಲ್ಲಿಸಿದ ಕೆಲವರಿಗಷ್ಟೇ ಸಲ್ಲುವ ಗೌರವ. ಇಪ್ಪತ್ತನಾಲ್ಕರ ವಯಸ್ಸಿಗೆ ಅದು ಒಪ್ಪುವ ಮಾತಲ್ಲ.

ಚಿಂತಾಮಣಿಯ ಶಿಕ್ಷಕಿ:

ಅಮಾನಿಕೆರೆಯವರು ವಿವರವಾಗಿ ಬರೆದಿದ್ದಾರೆ, ಧನ್ಯವಾದಗಳು. ಆದರೆ ಅವರ ಬರಹ ಓದಿದವರು ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಇಲ್ಲದವರೆಲ್ಲ ಸುಳ್ಳುಗಾರರು ಎಂಬ ತೀರ್ಮಾನಕ್ಕೆ ಬಂದುಬಿಡಬಹುದು. ಅದು ನನಗೆ ನೋವಿನ ವಿಷಯ. ನನ್ನ ದೊಡ್ಡಮ್ಮ ಥಿಯಾಸಫಿ ಎಂಬ ಬ್ರಹ್ಮವಿದ್ಯೆಯಲ್ಲಿ ನಂಬಿಕೆ ಇಟ್ಟವರು, ಅದರ ಕೇಂದ್ರವಾದ ಮದರಾಸಿನ ಅಡ್ಯಾರ್‌ಗೆ ಹೋಗಿಬರುತ್ತಿದ್ದವರು, ಮತ್ತು ಸ್ತ್ರೀಪುರುಷರಿಬ್ಬರನ್ನೂ ಸೇರಿಸಿಕೊಳ್ಳುವ ಕೋ ಮೇಸನ್ರಿಯ ಸದಸ್ಯೆಯಾಗಿದ್ದರು. ಆ ಪಂಥ 1893ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. 1902ರಲ್ಲಿ ಅದನ್ನು ಇಂಗ್ಲೆಂಡಿಗೆ ತಂದು, ಭಾರತದಲ್ಲಿಯೂ ಬೆಳೆಸಿದವರು ಆನಿ ಬೆಸೆಂಟ್. ದೊಡ್ಡಮ್ಮ ಒಂದು ಸಮಾರಂಭದಲ್ಲಿ ‘ನಾನೂ ಮೇಸನ್’ ಎಂದಾಗ ಅಲ್ಲಿದ್ದ ಹಿರಿಯರೊಬ್ಬರು ‘ಹೆಂಗಸರಿಗೆ ಅದರಲ್ಲಿ ಪ್ರವೇಶವೇ ಇಲ್ಲ, ಯಾರೋ ನಿಮಗೆ ಮೋಸ ಮಾಡಿದ್ದಾರೆ’ ಎಂದು ಎಲ್ಲರೆದುರು ಹೇಳಿದರಂತೆ. ಮೂವತ್ತು ವರ್ಷ ನಿಷ್ಠೆಯಿಂದ ನಡೆದುಕೊಂಡವರಿಗೆ ಒಂದೇ ಮಾತಿನಲ್ಲಿ ಅವಮಾನವಾಯಿತು. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

‘ಮಾನ್ಯತೆ ಇಲ್ಲದವರು’ ಎಂಬುದು ಒಂದು, ‘ಸುಳ್ಳು ಹೇಳುವವರು’ ಎಂಬುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂದು ನನ್ನ ವಿನಂತಿ.

ಅಮಾನಿಕೆರೆ ವಾಸಿ:

ಮೇಡಂ, ನಿಮ್ಮ ಮಾತು ನ್ಯಾಯವಾದದ್ದು, ನಾನು ಬರೆದದ್ದರಲ್ಲಿ ಆ ಕೊರತೆ ಇತ್ತು. ನಿಮ್ಮ ದೊಡ್ಡಮ್ಮನವರಿಗೆ ಆದದ್ದು ಆಗಬಾರದಿತ್ತು.

ಮಾನ್ಯತೆ ಎಂದರೆ ಒಂದು ಗ್ರ್ಯಾಂಡ್ ಲಾಡ್ಜ್ ಇನ್ನೊಂದನ್ನು ತನಗೆ ಸಮಾನವೆಂದು ಒಪ್ಪಿ, ಪರಸ್ಪರ ಸದಸ್ಯರು ಭೇಟಿ ಕೊಡಲು ಅವಕಾಶ ಕೊಡುವುದು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1929ರಲ್ಲಿ ಅದಕ್ಕೆ ಬೇಕಾದ ಮೂಲ ನಿಯಮಗಳನ್ನು ಬರೆದಿಟ್ಟಿತು. ಪರಮಾತ್ಮನಲ್ಲಿ ನಂಬಿಕೆ ಇರಬೇಕು, ಸಭೆಯಲ್ಲಿ ಪವಿತ್ರ ಗ್ರಂಥ ತೆರೆದಿರಬೇಕು, ಲಾಡ್ಜ್‌ನೊಳಗೆ ಧರ್ಮ ಮತ್ತು ರಾಜಕೀಯದ ಚರ್ಚೆ ಕೂಡದು, ಸದಸ್ಯರು ಪುರುಷರೇ ಆಗಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಫ್ರಾನ್ಸಿನ ಗ್ರ್ಯಾಂಡ್ ಓರಿಯೆಂಟ್ ಎಂಬ ಆಡಳಿತ ಸಂಸ್ಥೆ 1877ರಲ್ಲಿ ದೇವರ ಮೇಲಿನ ನಂಬಿಕೆಯ ಷರತ್ತನ್ನು ತೆಗೆದುಹಾಕಿ ಇಂಗ್ಲೆಂಡಿನ ಮಾನ್ಯತೆಯನ್ನು ಕಳೆದುಕೊಂಡಿತು. ಹಾಗೆಂದು ಅದರ ಸದಸ್ಯರು ಸದಸ್ಯರಲ್ಲವೆಂದು ಹೇಳಲಾದೀತೇ? ಅಮೆರಿಕದಲ್ಲಿ ಕಪ್ಪುಜನರ ಪ್ರಿನ್ಸ್ ಹಾಲ್ ಲಾಡ್ಜ್‌ಗಳ ಕಥೆ ಇನ್ನೂ ಕಹಿಯಾದದ್ದು. ಅವರ ಮೊದಲ ಲಾಡ್ಜ್‌ಗೆ ಇಂಗ್ಲೆಂಡಿನಿಂದಲೇ 1784ರಲ್ಲಿ ಸನ್ನದು ಸಿಕ್ಕಿತ್ತು. ಆದರೂ ಅಲ್ಲಿಯ ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳು ಅವರನ್ನು ಒಪ್ಪಿಕೊಳ್ಳುವ ಪರಂಪರೆ ಗಟ್ಟಿಯಾಗಿ ಶುರುವಾದದ್ದು 1989ರಲ್ಲಿ, ಕನೆಕ್ಟಿಕಟ್ ರಾಜ್ಯದಿಂದ. ಎರಡು ಶತಮಾನ ‘ನಕಲಿ’ ಎನಿಸಿಕೊಂಡವರು ಒಂದು ಹೊತ್ತಿನಲ್ಲೂ ನಕಲಿಗಳಾಗಿರಲಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆಯನ್ನು ತಿದ್ದಿಕೊಳ್ಳುತ್ತೇನೆ. ‘ನೀವು ಫ್ರೀಮೇಸನ್ ಹೌದೋ ಅಲ್ಲವೋ’ ಎನ್ನುವುದಕ್ಕಿಂತ ‘ನೀವು ಯಾವ ಸಂಸ್ಥೆಯ ದಾಖಲೆಯಲ್ಲಿ ಇದ್ದೀರಿ’ ಎಂದು ಕೇಳುವುದು ಸರಿ. ನಿಮ್ಮ ದೊಡ್ಡಮ್ಮನವರ ಬಳಿ ಅದಕ್ಕೆ ನೇರವಾದ ಉತ್ತರ ಇತ್ತು.

ಉರಿಗಾಂ ಹಳಬ:

ಚರ್ಚೆಯನ್ನು ಓದುತ್ತಿದ್ದಂತೆ ನಮ್ಮ ಮನೆಯ ಪೆಟ್ಟಿಗೆ ನೆನಪಾಯಿತು. ನಾವು ಮೂರು ತಲೆಮಾರಿನಿಂದ ಕೋಲಾರದ ಚಿನ್ನದ ಗಣಿಯವರು. ನನ್ನ ತಾತ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನನ್ನ ತಂದೆ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ದುಡಿದರು. ತಾತನ ಪೆಟ್ಟಿಗೆಯಲ್ಲಿ ನೀಲಿ ಪಟ್ಟಿಯ ಒಂದು ಬೆಳ್ಳಿ ಪದಕವಿದೆ. ಗಾರೆ ಮೇಸ್ತ್ರಿಗಳು ಬಳಸುವ ಮೂಲೆಮಟ್ಟದ ಆಕಾರ, ಅದರ ಕೆಳಗೆ ತೂಗುವ ಸಣ್ಣ ತಗಡು, ತಗಡಿನಲ್ಲಿ ಒಂದು ತ್ರಿಕೋನ ಮತ್ತು ಅದರ ಮೂರು ಬದಿಗೆ ಮೂರು ಚೌಕಗಳ ಗೆರೆ. ಹಿಂಬದಿಯಲ್ಲಿ ಅಕ್ಷರಗಳಿವೆ, ಆದರೆ ತುಂಬಾ ಸವೆದಿವೆ. ‘ತಾತ ಫ್ರೀಮೇಸನ್ ಆಗಿದ್ದರು’ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದಿದ್ದೇವೆ, ಮದುವೆ ಮುಂಜಿಗಳಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಈಗ ಕೇಳುತ್ತೇನೆ, ಈ ಪದಕ ಅದಕ್ಕೆ ಪುರಾವೆ ಆಗುತ್ತದೆಯೇ?

ಅಮಾನಿಕೆರೆ ವಾಸಿ:

ಸರ್, ನೀವು ಬಣ್ಣಿಸಿದ ಪದಕ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದೆ. ತ್ರಿಕೋನದ ಸುತ್ತಲ ಮೂರು ಚೌಕಗಳು ಯೂಕ್ಲಿಡ್‌ನ ಮೊದಲ ಸಂಪುಟದ 47ನೆಯ ಪ್ರಮೇಯ, ನಾವು ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯವೆಂದು ಓದಿದ್ದು. ಮೂಲೆಮಟ್ಟದಿಂದ ಅದು ತೂಗುತ್ತಿದ್ದರೆ ಇಂಗ್ಲಿಷ್ ಆಡಳಿತದ ಲಾಡ್ಜ್‌ಗಳಲ್ಲಿ ಅಧ್ಯಕ್ಷ ಪೀಠದಲ್ಲಿ ಕುಳಿತು ಅವಧಿ ಮುಗಿಸಿದವರಿಗೆ ಕೊಡುವ ಪದಕ. ಸ್ಕಾಟಿಷ್ ಪದ್ಧತಿಯಲ್ಲಿ ಅದರ ಆಕಾರ ಬೇರೆ, ಅಲ್ಲಿ ಕೈವಾರ, ಮೂಲೆಮಟ್ಟದ ಜೊತೆಗೆ ಸೂರ್ಯನ ಬಿಂಬವೂ ಇರುತ್ತದೆ.

ಆದರೆ ಪದಕ ಇರುವುದು ಪೆಟ್ಟಿಗೆಯಲ್ಲಿ, ಅದು ಯಾರ ಎದೆಯ ಮೇಲಿತ್ತೆಂದು ಪೆಟ್ಟಿಗೆ ಹೇಳುವುದಿಲ್ಲ. ತಾತನವರದ್ದೇ ಇರಬಹುದು, ತಮ್ಮ ದೇಶಕ್ಕೆ ಹೊರಟ ಬಿಳಿಯ ಅಧಿಕಾರಿಯೊಬ್ಬರು ಬಿಟ್ಟುಹೋದದ್ದೂ ಇರಬಹುದು. ಇಂಥ ಪದಕಗಳು ಹಳೆಯ ಸಾಮಾನಿನ ಹರಾಜಿನಲ್ಲಿಯೂ ಸಿಗುತ್ತವೆ. ಹಾಗಾಗಿ ನಿಮ್ಮ ಕೆಲಸ ಸವೆದ ಅಕ್ಷರಗಳಿಂದ ಶುರುವಾಗಬೇಕು. ತೆಳುವಾದ ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲ್ ಸೀಸವನ್ನು ಹಗುರವಾಗಿ ಉಜ್ಜಿ ನೋಡಿ, ಬೆಳ್ಳಿಯನ್ನು ಮಾತ್ರ ತಿಕ್ಕಿ ಹೊಳಪು ಕೊಡಬೇಡಿ, ಉಳಿದ ಗೆರೆಯೂ ಹೋದೀತು. ಲಾಡ್ಜ್‌ನ ಸಂಖ್ಯೆ ಸಿಕ್ಕರೆ ಅರ್ಧ ದಾರಿ ಸವೆದಂತೆ. ಇಂಗ್ಲಿಷ್ ಆಡಳಿತದ ಲಾಡ್ಜ್‌ಗಳನ್ನೆಲ್ಲ ಜಾನ್ ಲೇನ್ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಿ ಮಾಡಿದ್ದು ಈಗ ಅಂತರ್ಜಾಲದಲ್ಲಿ ತೆರೆದಿದೆ, ಅದರಲ್ಲಿ ಸಂಖ್ಯೆಯಿಂದ ಊರನ್ನು ಹುಡುಕಬಹುದು. 1751ರಿಂದ 1921ರವರೆಗಿನ ಇಂಗ್ಲಿಷ್ ಸದಸ್ಯತ್ವದ ದಾಖಲೆ ಪುಸ್ತಕಗಳೂ ವಂಶಾವಳಿಯ ತಾಣವೊಂದರಲ್ಲಿ ಲಭ್ಯವಿವೆ, ಅವುಗಳಲ್ಲಿ ಹೆಸರು, ವಯಸ್ಸು, ಉದ್ಯೋಗ, ಸೇರಿದ ದಿನಾಂಕ ಇರುತ್ತವೆ. ತಾತನವರು ಅದಕ್ಕಿಂತ ಈಚಿನವರಾದರೆ ಲಂಡನ್ನಿನ ಫ್ರೀಮೇಸನ್ರಿ ವಸ್ತುಸಂಗ್ರಹಾಲಯಕ್ಕೆ ಪತ್ರ ಬರೆಯಬೇಕು.

ಸ್ವಾಮಿ ವಿವೇಕಾನಂದರು 1884ರಲ್ಲಿ, ಇನ್ನೂ ನರೇಂದ್ರನಾಥ ದತ್ತರಾಗಿದ್ದಾಗ, ಕಲ್ಕತ್ತೆಯ ಆ್ಯಂಕರ್ ಆ್ಯಂಡ್ ಹೋಪ್ ಲಾಡ್ಜ್‌ನಲ್ಲಿ ದೀಕ್ಷೆ ಪಡೆದರೆಂದು ನಾವು ಧೈರ್ಯವಾಗಿ ಹೇಳುವುದು ಯಾವುದೋ ಪದಕ ಕಂಡು ಅಲ್ಲ, ಲಾಡ್ಜ್‌ನ ಪುಸ್ತಕದಲ್ಲಿ ಹೆಸರಿದೆ ಎಂದು. ಅದೇ ಅಳತೆಗೋಲು ನಮ್ಮ ನಿಮ್ಮ ತಾತಂದಿರಿಗೂ ಇರಲಿ.

ನಂದಿ ತಪ್ಪಲು:

ಇಷ್ಟೆಲ್ಲ ಸುತ್ತುಬಳಸು ಏಕೆ ಬೇಕು ಎಂಬುದು ನನಗೆ ಅರ್ಥವಾಗುತ್ತಿಲ್ಲ. ಸಂಸ್ಥೆ ಪ್ರಾಮಾಣಿಕವಾಗಿದ್ದರೆ ಸದಸ್ಯರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬಹುದಲ್ಲವೇ? ಆಗ ಯಾವ ವಂಚಕನಿಗೂ ಜಾಗವೇ ಇರುವುದಿಲ್ಲ. ಅಮಾನಿಕೆರೆಯವರೇ, ತುಮಕೂರಿನಲ್ಲಿ ನಿಮ್ಮ ಜೊತೆಗಿರುವ ಇನ್ನಿಬ್ಬರ ಹೆಸರು ಹೇಳಿ, ನಾನು ಹೋಗಿ ವಿಚಾರಿಸಿಕೊಂಡು ಬರುತ್ತೇನೆ.

ಅಮಾನಿಕೆರೆ ವಾಸಿ:

ನನ್ನ ಸದಸ್ಯತ್ವವನ್ನು ಹೇಳಿಕೊಳ್ಳುವ ಹಕ್ಕು ನನ್ನದು, ಇನ್ನೊಬ್ಬರದ್ದನ್ನು ಹೇಳುವ ಹಕ್ಕು ನನ್ನದಲ್ಲ. ನಮ್ಮಲ್ಲಿ ನಡೆದುಬಂದ ರೂಢಿ ಇದು. ಇದರ ಹಿಂದೆ ಕಾರಣವೂ ಇದೆ. ಹಿಟ್ಲರನ ಆಡಳಿತದಲ್ಲಿ ಲಾಡ್ಜ್‌ಗಳನ್ನು ಮುಚ್ಚಿಸಿ ಸದಸ್ಯರ ಪಟ್ಟಿಗಳನ್ನು ವಶಪಡಿಸಿಕೊಂಡರು. ನಮ್ಮ ನೆರೆಯ ಪಾಕಿಸ್ತಾನದಲ್ಲಿ 1972ರಲ್ಲಿ ಸಂಸ್ಥೆಯನ್ನೇ ನಿಷೇಧಿಸಿ ಲಾಹೋರಿನ ಕಟ್ಟಡವನ್ನು ಸರ್ಕಾರ ತೆಗೆದುಕೊಂಡಿತು. ಹಾಗಾಗಿ ಇನ್ನೊಬ್ಬರ ಹೆಸರು ಹೇಳಲು ನಿರಾಕರಿಸುವವನನ್ನು ಸುಳ್ಳುಗಾರನೆಂದು ತಿಳಿಯಬೇಡಿ. ತನ್ನ ಲಾಡ್ಜ್‌ನ ಹೆಸರನ್ನೇ ಹೇಳಲು ನಿರಾಕರಿಸಿದರೆ ಆಗ ಅನುಮಾನಿಸಿ.

ಚಿಂತಾಮಣಿಯ ಶಿಕ್ಷಕಿ:

ಹಣದ ವಿಚಾರಕ್ಕೆ ಯಾರೂ ಇನ್ನೂ ಬಂದಿಲ್ಲ. ಸೇರುವಾಗ ಶುಲ್ಕ, ಆಮೇಲೆ ವಾರ್ಷಿಕ ಚಂದಾ ಎಲ್ಲ ಕಡೆಯೂ ಇರುತ್ತದೆ ಎಂದು ದೊಡ್ಡಮ್ಮ ಹೇಳುತ್ತಿದ್ದರು. ಹಾಗಾದರೆ ಶುಲ್ಕ ಕೇಳಿದ ಮಾತ್ರಕ್ಕೆ ವಂಚನೆ ಎನ್ನಲಾಗುವುದಿಲ್ಲವಲ್ಲ?

ಅಮಾನಿಕೆರೆ ವಾಸಿ:

ಹೌದು, ಶುಲ್ಕ ಇರುತ್ತದೆ, ಆದರೆ ಅದು ಬರುವ ಸ್ಥಾನವನ್ನು ನೋಡಿ. ಸೇರಬಯಸುವವನು ತಾನಾಗಿ ಕೇಳಿಕೊಂಡು ಬರಬೇಕು. ಅವನನ್ನು ಖುದ್ದಾಗಿ ಬಲ್ಲ ಒಬ್ಬರು ಹೆಸರನ್ನು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಹಿರಿಯ ಸದಸ್ಯರು ಎದುರು ಕೂರಿಸಿ ಮಾತನಾಡಿಸುತ್ತಾರೆ, ಎಷ್ಟೋ ಕಡೆ ಮನೆಯವರ ಒಪ್ಪಿಗೆಯನ್ನೂ ಕೇಳುತ್ತಾರೆ. ನಂತರ ಲಾಡ್ಜ್‌ನಲ್ಲಿ ಬಿಳಿ ಮತ್ತು ಕಪ್ಪು ಗುಂಡುಗಳಿಂದ ಗುಟ್ಟಾಗಿ ಮತ ಹಾಕುತ್ತಾರೆ. ದೀಕ್ಷೆಯ ದಿನ ಅವನು ಸ್ವಂತ ಲಾಭದ ಆಸೆಯಿಂದ ಬಂದಿಲ್ಲವೆಂದು ಎಲ್ಲರೆದುರು ಹೇಳಬೇಕು, ತನ್ನ ಧರ್ಮದ ಗ್ರಂಥದ ಮೇಲೆ ಪ್ರತಿಜ್ಞೆ ಮಾಡಬೇಕು. ನಮ್ಮ ದೇಶದ ಲಾಡ್ಜ್‌ಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್‌ಗಳನ್ನು ಪಕ್ಕಪಕ್ಕದಲ್ಲಿ ಇಡುವುದನ್ನು ನೋಡಿದ ದಿನ ನನಗೆ ಮೈ ನವಿರೆದ್ದಿತ್ತು. ಇಷ್ಟರಲ್ಲಿ ಒಂದನ್ನೂ ಫೋನಿನಲ್ಲಿ ಮಾಡಲು ಬರುವುದಿಲ್ಲ. ಮುಖಾಮುಖಿ ಇಲ್ಲದೆ, ಮತವಿಲ್ಲದೆ, ಒಬ್ಬ ವ್ಯಕ್ತಿಯ ಖಾತೆಗೆ ಮೊದಲೇ ಹಣ ಕೇಳುವವರು, ಅದರಲ್ಲೂ ಸೇರಿದರೆ ಐಶ್ವರ್ಯ ಬರುತ್ತದೆ ಎನ್ನುವವರು ಲಾಡ್ಜ್‌ನಿಂದ ಬಂದವರಲ್ಲ. ಸರ್, ಹುಡುಗ ಹಣ ಕಳುಹಿಸಿದ್ದಾನೆಯೇ? ದಯವಿಟ್ಟು ಮೊದಲು ಅದನ್ನು ತಿಳಿಸಿ.

ತುಮಕೂರಿನ ಓದುಗ:

ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ನಿನ್ನೆ ರಾತ್ರಿ ಅಕ್ಕನ ಮನೆಗೆ ಹೋಗಿ ಹುಡುಗನನ್ನು ಕೂರಿಸಿಕೊಂಡು ಈ ಚರ್ಚೆಯನ್ನೆಲ್ಲ ಓದಿಸಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ನಾನು ಇಲ್ಲಿ ಮೊದಲು ಬರೆದ ದಿನವೇ ತಾನು ಹಣ ಕಳುಹಿಸಿದ್ದಾಗಿ ಒಪ್ಪಿಕೊಂಡ. ಅವನ ಮೇಲೆ ರೇಗಲು ನನಗೆ ಮನಸ್ಸಾಗಲಿಲ್ಲ.

ಅಮಾನಿಕೆರೆಯವರು ಹೇಳಿದಂತೆ ಲಾಡ್ಜ್‌ನ ಹೆಸರು, ಸಂಖ್ಯೆ ಮತ್ತು ಕಾರ್ಯದರ್ಶಿಯ ಪತ್ರವನ್ನು ಅವನ ಕೈಯಲ್ಲೇ ಕೇಳಿಸಿದೆ. ಆ ವ್ಯಕ್ತಿ ಹೆಸರು ಹೇಳಲಿಲ್ಲ, ಬದಲಿಗೆ ಅರ್ಧ ಗಂಟೆಯಲ್ಲಿ ಪ್ರಮಾಣಪತ್ರವೊಂದರ ಚಿತ್ರವನ್ನು ಕಳುಹಿಸಿದ. ನೋಡಲು ಬಹಳ ಗಂಭೀರವಾಗಿತ್ತು. ಮೂಲೆಮಟ್ಟ, ಕೈವಾರ, ನಡುವೆ ಇಂಗ್ಲಿಷಿನ ಜಿ ಅಕ್ಷರ, ಕೆಂಪು ಮುದ್ರೆ ಎಲ್ಲವೂ ಇದ್ದವು. ಮುದ್ರೆಯ ಸುತ್ತ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ, ಸ್ಥಾಪನೆ 1947 ಎಂದಿತ್ತು. ಅದನ್ನು ಮೊದಲು ಕಂಡವನು ಹುಡುಗನೇ. ‘ಮಾವ, ಅವರು ಬರೆದದ್ದು 1961 ಅಲ್ಲವೇ’ ಎಂದ. ಅದನ್ನೇ ಆ ವ್ಯಕ್ತಿಗೆ ಬರೆದು ಕೇಳಿದಾಗ ಉತ್ತರ ಬರಲಿಲ್ಲ, ಬೆಳಿಗ್ಗೆ ನೋಡಿದರೆ ಖಾತೆಯೇ ಕಾಣಿಸುತ್ತಿರಲಿಲ್ಲ.

ಉರಿಗಾಂ ಹಳಬ:

ತಡ ಮಾಡಬೇಡಿ ಸರ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಹೋದ ಖಾತೆಯನ್ನು ತಡೆಹಿಡಿಯಲು ಪ್ರತಿ ಗಂಟೆಯೂ ಮುಖ್ಯ. ಮಾತುಕತೆಯ ಚಿತ್ರಗಳನ್ನು, ಆ ಪ್ರಮಾಣಪತ್ರವನ್ನು ಅಳಿಸಬೇಡಿ.

ನಾನು ಪದಕದ ಹಿಂಬದಿಗೆ ಕಾಗದವಿಟ್ಟು ಉಜ್ಜಿದೆ. ಸಂಖ್ಯೆಯ ಕೊನೆಯ ಎರಡು ಅಂಕಿ ಮತ್ತು ಒಂದು ಹೆಸರಿನ ಮೊದಲ ಅಕ್ಷರ ಮೂಡಿದವು. ಆ ಅಕ್ಷರ ನಮ್ಮ ತಾತನ ಹೆಸರಿನದಲ್ಲ. ಲಂಡನ್ನಿಗೆ ಪತ್ರ ಬರೆಯುತ್ತಿದ್ದೇನೆ, ಉತ್ತರ ಬರುವವರೆಗೆ ಮನೆಯಲ್ಲಿ ‘ತಾತನ ಪೆಟ್ಟಿಗೆಯಲ್ಲಿದ್ದ ಪದಕ’ ಎಂದಷ್ಟೇ ಹೇಳಬೇಕೆಂದು ಮಕ್ಕಳಿಗೆ ತಿಳಿಸಿದ್ದೇನೆ.

ತುಮಕೂರಿನ ಓದುಗ:

1930ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದೆವು, ಬ್ಯಾಂಕಿಗೂ ಹೋಗಿಬಂದೆವು. ಹುಡುಗ ಇನ್ನೂ ಫ್ರೀಮೇಸನ್ರಿಯ ಚರಿತ್ರೆಯನ್ನು ಓದಬೇಕೆನ್ನುತ್ತಾನೆ, ನಾನು ಬೇಡವೆನ್ನಲಿಲ್ಲ. ಅಮಾನಿಕೆರೆಯವರೇ, ಅವನು ನಿಮ್ಮನ್ನು ಒಮ್ಮೆ ಎದುರಿಗೆ ಕಾಣಬೇಕೆಂದು ಕೇಳುತ್ತಿದ್ದಾನೆ. ನಿಮಗೆ ಒಪ್ಪಿಗೆಯಾದರೆ ಭಾನುವಾರ ಸಂಜೆ ಕೆರೆಯ ಏರಿಯ ಮೇಲೆ ನಾವಿಬ್ಬರೂ ಬರುತ್ತೇವೆ. ಬರುವಾಗ ನಿಮ್ಮ ಪ್ರಮಾಣಪತ್ರ ತರಬೇಕೆಂದು ಹುಡುಗ ಬಹಳ ವಿನಯದಿಂದ ವಿನಂತಿಸಿದ್ದಾನೆ.

ಅಮಾನಿಕೆರೆ ವಾಸಿ:

ಖಂಡಿತ ತರುತ್ತೇನೆ ಸರ್. ನಮ್ಮ ಲಾಡ್ಜ್‌ನ ಕಾರ್ಯದರ್ಶಿಗಳ ಪತ್ರವನ್ನೂ ತರುತ್ತೇನೆ, ಅದನ್ನು ಅವನೇ ಓದಿ ನೋಡಲಿ.